ಕಿಡಿಯೊ, ಕಾಲಂ ಮತ್ತು ಮೌನವ್ರತ

ಆಗಮನ ಕಾಲದಲ್ಲಿ ತಪಸ್ಸುಕಾಲದಷ್ಟು ಬಿಗಿ ಇಲ್ಲ. ಗುರುಗಳು ನೇರಳೆ ವಸ್ತ್ರ ತೊಡುತ್ತಾರೆ, ಪೂಜೆಯಲ್ಲಿ ಮಹಿಮಾಗೀತೆ ಹಾಡುವುದಿಲ್ಲ, ಉಳಿದಂತೆ ಹೊಟ್ಟೆಗೆ ಯಾವ ತೊಂದರೆಯೂ ಇಲ್ಲ. ಆದರೂ 2025ರ ನವೆಂಬರ್ 30ರಂದು, ಮೊದಲ ಭಾನುವಾರ, ಫಾದರ್ ತಮ್ಮ ಪ್ರಬೋಧನೆಯಲ್ಲಿ “ಕ್ರಿಸ್‌ಮಸ್‌ವರೆಗೆ ಏನಾದರೊಂದನ್ನು ಬಿಡಿ” ಎಂದರು. ನಾನು ರಾಜಕೀಯ ಬಿಟ್ಟೆ.

“ಬಿಡುವುದಾದರೆ ಕೋಳಿ ಬಿಡಿ ಮಾರಾಯ್ರೆ, ಖರ್ಚಾದರೂ ಉಳೀತದೆ” ಎಂದಳು ಹೆಂಡತಿ. ಅವಳು ಮಂಗಳೂರಿನವಳು, ವ್ರತಗಳ ಲೆಕ್ಕಾಚಾರ ಚೆನ್ನಾಗಿ ಗೊತ್ತು.

ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನನ್ನ ವ್ರತವನ್ನು ಘೋಷಿಸಿದೆ. ಘೋಷಿಸದ ವ್ರತದಿಂದ ಏನು ಸುಖ? ಅದಾದ ಮೇಲೆ ಯಾರು ಏನು ಹಾಕಿದರೂ ಉತ್ತರಿಸದೆ, ಎಲ್ಲ ತಿಳಿದೂ ಸುಮ್ಮನಿರುವ ಜ್ಞಾನಿಯಂತೆ ಒಂದು ಮುಗುಳ್ನಗೆ ಅಭ್ಯಾಸ ಮಾಡಿಕೊಂಡೆ. ಪತ್ರಿಕೆಯಲ್ಲಿ ಕ್ರೀಡಾಪುಟ ಮಾತ್ರ. ಸಂಪಾದಕೀಯದ ಮೇಲೆ ಕಣ್ಣು ಹಾಯಿಸಿದ್ದುಂಟು, ಕಣ್ಣು ಹಾಯಿಸುವುದು ಓದಿದಂತಲ್ಲ.

ತೊಂದರೆ ಬಂದದ್ದು ನಾನು ನಿರೀಕ್ಷಿಸದ ಕಡೆಯಿಂದ, ಪೂಜಾಪೀಠದಿಂದಲೇ. ಎರಡನೇ ಭಾನುವಾರದ ಶುಭಸಂದೇಶದಲ್ಲಿ ಸ್ನಾನಿಕ ಯೊವಾನ್ನರು ಊರಿನ ದೊಡ್ಡ ಮನುಷ್ಯರನ್ನೆಲ್ಲ ಹಾವಿನ ಸಂತಾನ ಎಂದು ಬೈದರು. ಮೂರನೇ ಭಾನುವಾರಕ್ಕೆ ನೋಡಿದರೆ ಅವರು ಜೈಲಿನಲ್ಲಿ! ಹಾಕಿಸಿದವನು ಹೆರೋದ. ಸಹೋದರನ ಹೆಂಡತಿಯನ್ನು ಇಟ್ಟುಕೊಂಡದ್ದು ಸರಿಯಲ್ಲ ಎಂದು ಹೇಳಿದ್ದೇ ಅಪರಾಧ. ನಾನು ಮನೆಯಲ್ಲಿ ಬಿಟ್ಟದ್ದನ್ನು ಫಾದರ್ ಮೈಕಿನಲ್ಲಿ ಓದುತ್ತಿದ್ದರು.

ಅಷ್ಟಾದರೂ ವ್ರತ ಉಳಿದಿತ್ತು, ಕುಸ್ವಾರ್, ಅಂದರೆ ಕಿಡಿಯೊ, ನೆವ್ರಿಯಂಥ ಕ್ರಿಸ್‌ಮಸ್ ತಿಂಡಿ, ಮಾಡುವ ಶನಿವಾರದ ತನಕ.

ಕಿಡಿಯೊ ಮಾಡಿ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಮೈದಾಕ್ಕೆ ಮೊಟ್ಟೆ, ತೆಂಗಿನಹಾಲು ಹಾಕಿ ಕಲಸಿದ ಹಿಟ್ಟಿನಿಂದ ಗೋಲಿಯಷ್ಟು ಚಿವುಟಿ, ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಸುರುಳಿ ಸುತ್ತಬೇಕು. ಗೆರೆ ಮೂಡಬೇಕು, ಸುರುಳಿ ಬಿಚ್ಚಬಾರದು. ಸಾವಿರಗಟ್ಟಲೆ ಆಗುವ ಕೆಲಸ, ಹಾಗಾಗಿ ಕೈ ಜಾಸ್ತಿ ಬೇಕು, ಹಾಗಾಗಿ ಬಂಧುಗಳು ಬೇಕು, ಹಾಗಾಗಿ ಜಗಳ. ಒಂದು ಮೂಲೆಯಲ್ಲಿ ಮಂಗಳೂರಿನ ಭಾವ. ಇನ್ನೊಂದರಲ್ಲಿ ಹಾರೋಬೆಲೆಯ ಚಿಕ್ಕಪ್ಪ. 2019ರ ಡಿಸೆಂಬರ್ 25ರಂದು ಆ ಊರಿನ ಕಪಾಲಿ ಬೆಟ್ಟದಲ್ಲಿ 114 ಅಡಿಯ ಏಸುಪ್ರತಿಮೆಗೆ ಅವರ ಪಕ್ಷದ ಡಿ.ಕೆ. ಶಿವಕುಮಾರ್ ಅಡಿಗಲ್ಲು ಹಾಕಿದಾಗ ಮುಂದಿನ ಸಾಲಿನಲ್ಲಿ ನಿಂತಿದ್ದವರು ಅವರು. ಭಾವನ ಮತ ಇನ್ನೊಂದು ಪಕ್ಷಕ್ಕೆ. ಆ ಪಕ್ಷದ ಸರ್ಕಾರ ತಂದ ಮತಾಂತರ ನಿಷೇಧ ಮಸೂದೆ ಬೆಳಗಾವಿಯಲ್ಲಿ ವಿಧಾನಸಭೆಯ ಒಪ್ಪಿಗೆ ಪಡೆದದ್ದು 2021ರ ಡಿಸೆಂಬರ್ 23ಕ್ಕೆ. ಆ ವರ್ಷದ ಕ್ರಿಸ್‌ಮಸ್ ಊಟಕ್ಕೆ ಇಬ್ಬರನ್ನೂ ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿದ್ದೆವು.

ಈ ಸಲ ರಾಜ್ಯದ ಜಾತಿಗಣತಿಯ ನೆಪದಲ್ಲಿ ಕಿಡಿ ಹೊತ್ತಿಸಿದ್ದು ನನ್ನ ಮಗಳು. “ಲೂಕರ ಶುಭಸಂದೇಶದಲ್ಲೂ ಗಣತಿ ಇದೆಯಲ್ಲ, ಜೋಸೆಫ್ ಯಾವ ಜಾತಿ ಅಂತ ಬರೆಸಿದ?”

ನಾನು ಮುಗುಳ್ನಕ್ಕೆ. ಅಗಸ್ಟಸ್ ಚಕ್ರವರ್ತಿಯ ಆಜ್ಞೆ, ಸಿರಿಯಾದಲ್ಲಿ ಕ್ವಿರಿನಿಯನ ಆಡಳಿತ, ಇದು ಬೈಬಲ್ ಜ್ಞಾನವೇ ಹೊರತು ರಾಜಕೀಯವಲ್ಲ ಎಂದು ಒಳಗೇ ತೀರ್ಪು ಕೊಟ್ಟುಕೊಂಡೆ. ಬಾಚಣಿಗೆಯನ್ನು ಮೊಬೈಲಿನಂತೆ ಹಿಡಿದು ಎದ್ದು ನಿಂತೆ. “ನಾನು ಗಣತಿ ಮೇಷ್ಟ್ರು. ಚಿಕ್ಕಪ್ಪ, ನೀವು ಜೋಸೆಫ್. ಅರವತ್ತು ಪ್ರಶ್ನೆ ಇವೆ, ಕೂತ್ಕೊಳ್ಳಿ.”

“ಕುಂತೇ ಇವ್ನಿ, ಕೇಳು.”

“ಊರು?”

“ನಜರೇತು. ಮೂಲ ಬೆತ್ಲೆಹೇಮು.”

“ಕುಲಕಸುಬು?”

“ಮರಗೆಲಸ.”

“ವಿಶ್ವಕರ್ಮ ಅಂತ ಬರೀರಿ” ಎಂದರು ಭಾವ.

“ಏಯ್, ದಾವೀದನ ವಂಶ ಅದು!”

“ದಾವೀದ ಅರಸ ಅಲ್ವಾ? ಹಾಗಾದರೆ ಕ್ಷತ್ರಿಯ.”

“ಅರಸ ಆಗಿದ್ದು ಆಮ್ಯಾಕೆ. ಮೊದ್ಲು ಕುರಿ ಕಾಯ್ತಿದ್ದ. ಕುರುಬ ಅಂತ ಬರ್ಕೊ!”

ಬಾಚಣಿಗೆಯ ಮೇಲೆ ಬೆರಳಾಡಿಸಿ ಪಟ್ಟಿ ಹುಡುಕಿದೆ. “ಕುರುಬ ಕ್ರಿಶ್ಚಿಯನ್ ಇತ್ತು ಚಿಕ್ಕಪ್ಪ, ಗಲಾಟೆ ಆದ ಮೇಲೆ ಅಂಥ 33 ಹೆಸರು ಪಟ್ಟಿಯಿಂದ ಮರೆಯಾದವು. ಇತರೆ ಅಂತ ಹಾಕಲಾ?”

“ದೇವರ ತಂದೆಗೆ ಇತರೆನಾ?”

“ಸಾಕುತಂದೆ” ಎಂದು ತಿದ್ದಿದಳು ಮಗಳು. ಧರ್ಮೋಪದೇಶದ ಪರೀಕ್ಷೆಯಲ್ಲಿ ಮೊದಲ ಬಹುಮಾನ ಅವಳಿಗೇ.

“ಕುಟುಂಬದ ಸದಸ್ಯರು?”

“ಇಬ್ರು. ತಡಿ, ರಾತ್ರಿಗೆ ಮೂವರು.”

“ಮನೆ ಸ್ವಂತದ್ದೋ ಬಾಡಿಗೆಯೋ?”

“ಕೊಟ್ಟಿಗೆ.”

“ಜಾನುವಾರು?”

“ಒಂದು ದನ, ಒಂದು ಕತ್ತೆ.”

“ಲೂಕರಲ್ಲಿ ದನವೂ ಇಲ್ಲ, ಕತ್ತೆಯೂ ಇಲ್ಲ” ಎಂದು ಮಗಳು ಮತ್ತೆ ಅಡ್ಡ ಬಂದಳು. “1223ರಲ್ಲಿ ಸಂತ ಫ್ರಾನ್ಸಿಸ್ ಗ್ರೆಚ್ಚೊದಲ್ಲಿ ಗೋದಲಿ ಮಾಡಿದಾಗ ತಂದು ನಿಲ್ಲಿಸಿದ್ದು.”

“ಹಂಗಾದ್ರೆ ಫ್ರಾನ್ಸಿಸ್ಸಪ್ಪನ ಹೆಸ್ರಿಗೆ ಬರ್ಕೊ” ಎಂದರು ಚಿಕ್ಕಪ್ಪ.

“ಕೊನೇದು. ಓಟಿಪಿ ಬಂತಾ?”

ಚಿಕ್ಕಪ್ಪ ಹಿಟ್ಟು ಮೆತ್ತಿದ ಕೈಯನ್ನು ಎದೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. “ಬಂತು. ಕನಸಲ್ಲಿ.”

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಭಾವ ಕಣ್ಣೊರೆಸಿಕೊಂಡು, “ಅಲ್ಲ ಮಾರಾಯ್ರೆ, ಇಷ್ಟೆಲ್ಲ ಯಾಕೆ? ನಮ್ಮಲ್ಲಿ ಜಾತಿ ಉಂಟಾ? ಕ್ರಿಶ್ಚಿಯನ್ ಅಂತ ಬರೆದರೆ ಮುಗೀತು” ಎಂದರು.

ನನಗೆ ಮೈ ಉರಿಯಿತು. ತಮ್ಮ ಮಗಳಿಗೆ ಗಂಡು ಹುಡುಕುವಾಗ “ಹುಡುಗ ಬಾಮಣನಾ, ಚಾರ್ಡಿಯಾ?” ಎಂದು ಇದೇ ಭಾವ ಫೋನಿನಲ್ಲಿ ಜಾತಿ ಕೇಳಿದ್ದು ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿಸಿತ್ತು. ಹೇಳಿಯೇ ಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅದುವರೆಗೂ ತಲೆ ತಗ್ಗಿಸಿ ಸುರುಳಿ ಸುತ್ತುತ್ತಿದ್ದ ಚಿಕ್ಕಮ್ಮ, ಕೈ ನಿಲ್ಲಿಸದೆ, “ನಮ್ಮಣ್ಣನ ಮಗನ ಸರ್ಟಿಫಿಕೇಟಲ್ಲಿ ಹಿಂದೂ ಅಂತ್ಲೇ ಐತೆ. ಓದಿದ್ದೆಲ್ಲ ಅದ್ರಲ್ಲೇ. ಗಣತಿಯವ್ರು ಬಂದಾಗ ಮರಿಯಮ್ಮನ ಪಟದ ಮ್ಯಾಲೆ ಟವಲ್ಲು ಹಾಕಿದ್ರು” ಎಂದರು.

ಯಾರಿಗೂ ನಗು ಬರಲಿಲ್ಲ. ಪರಿಶಿಷ್ಟ ಜಾತಿ ಅಂದರೆ ಹಿಂದೂಗಳು ಮಾತ್ರ ಎಂದದ್ದು 1950ರ ಆದೇಶ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ಏಸುವನ್ನು ನಂಬಿದರೆ ಸರ್ಕಾರದ ಕಣ್ಣಿಗೆ ಜಾತಿ ಹೋಯಿತು. ಚರ್ಚಿಗೆ ಬಂದರೆ ಭಾವನಂಥವರ ಕಣ್ಣಿಗೆ ಹೋಗಿಲ್ಲ. ಚಿಕ್ಕಪ್ಪನ ಪಕ್ಷವಾಗಲಿ ಭಾವನ ಪಕ್ಷವಾಗಲಿ ಆ ಟವಲ್ಲು ತೆಗೆಸಿಲ್ಲ. ಇದನ್ನು ನಾನು ಅಲ್ಲಿ ಜೋರಾಗಿಯೇ ಹೇಳಿದೆ, ಬಾಚಣಿಗೆಯನ್ನು ಭಾವನ ಮೂಗಿನ ಹತ್ತಿರ ಆಡಿಸುತ್ತ, ಬಾಮಣ-ಚಾರ್ಡಿಯನ್ನೂ ಸೇರಿಸಿ.

“ಎಣ್ಣೆ!” ಎಂದು ಹೆಂಡತಿ ಕೂಗಿದಳು. ಒಂದು ಬಾಣಲೆ ಕಿಡಿಯೊ ಇದ್ದಿಲಾಗಿತ್ತು. ಆಮೇಲಿನ ಹೊತ್ತೆಲ್ಲ ಸಕ್ಕರೆ ಪಾಕದ ಹದದ ಬಗ್ಗೆ ಮಾತ್ರ ಮಾತು. ಭಾವ ಸುಟ್ಟವನ್ನೇ ಆರಿಸಿಕೊಂಡು ತಿಂದರು, ಅದು ಪ್ರಾಯಶ್ಚಿತ್ತವೋ ಕೋಪವೋ ಇನ್ನೂ ತೀರ್ಮಾನವಾಗಿಲ್ಲ. ಹೊರಡುವಾಗ ಚಿಕ್ಕಮ್ಮನ ಡಬ್ಬಿಗೆ ತಮ್ಮ ಪಾಲಿನ ನೆವ್ರಿಯನ್ನೂ ಸುರಿದರು.

ಕ್ರಿಸ್‌ಮಸ್ಸಿಗೆ ಮುಂಚಿನ ಪಾಪನಿವೇದನೆಗೆ ಹೋಗಿ ವ್ರತಭಂಗದ ಕಥೆಯನ್ನು ಅಭಿನಯಸಹಿತ ಹೇಳಿದೆ. ಫಾದರ್ ಬಹಳ ಹೊತ್ತು ಕೇಳಿದರು. ನನ್ನ ಹಿಂದೆ ಉದ್ದ ಸಾಲು ಇತ್ತು. “ಹಾವಿನ ಸಂತಾನ ಅಂತ ಯಾರನ್ನಾದರೂ ಬೈದಿರಾ?” ಎಂದರು. ಇಲ್ಲ ಎಂದೆ. “ಹಾಗಾದರೆ ಹೋಗಿ, ಮೂರು ನಮೋ ಮರಿಯಾ ಹೇಳಿಕೊಳ್ಳಿ.”

ಮನೆಗೆ ಬಂದರೆ 24ರ ರಾತ್ರಿ ಯಾವ ಭಾಷೆಯ ಪೂಜೆಗೆ ಹೋಗುವುದೆಂಬ ಚರ್ಚೆ ಕಾಯುತ್ತಿತ್ತು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡಕ್ಕಾಗಿ ದಶಕಗಳಿಂದ ನಡೆದ ಹೋರಾಟ ಗೊತ್ತಿರುವವರಿಗೆ ಇದರ ಗಾಂಭೀರ್ಯ ಅರ್ಥವಾದೀತು. ಹೆಂಡತಿಗೆ ಕೊಂಕಣಿ, ಮಗಳಿಗೆ ಇಂಗ್ಲಿಷ್, ನನಗೆ ಕನ್ನಡ. ಭಾಷೆಯ ವಿಷಯ ರಾಜಕೀಯದಲ್ಲಿ ಸೇರುವುದಿಲ್ಲವೆಂದು ಮೊದಲೇ ಮನಸ್ಸಿನಲ್ಲಿ ಷರತ್ತು ಹಾಕಿಕೊಂಡಿದ್ದರಿಂದ, ಚಪ್ಪಲಿ ಬಿಚ್ಚುವ ಮೊದಲೇ ಶುರುಮಾಡಿದೆ.