ಚುಕ್ಕಾಣಿ ಆಕೆಯದು

ಹಳೆಯ ಹಾಯಿದೋಣಿ ಕೊಂಡಾಗಿನಿಂದ ಗೋವೆಯ ಬಾಯ್ನಾದಲ್ಲಿರುವ ನಮ್ಮ ಗದಗಿನ ಮಂದಿಗೆ ನಾನು ‘ಕ್ಯಾಪ್ಟನ್ ಸಾಹೇಬ್ರು’. ಅಸಲಿಗೆ ನನ್ನ ಹುದ್ದೆ ತಳದ ನೀರು ಮೊಗೆಯುವುದು. ಚುಕ್ಕಾಣಿ ಹೆಂಡತಿಯ ಕೈಯಲ್ಲಿ. ಮಧ್ಯಾಹ್ನ ವಾಯವ್ಯದ ಗಾಳಿ ಎದ್ದರೆ ಕಾರವಾರದತ್ತ ಹೋಗುವುದು ಸುಖ. ಬರುವಾಗ ಅದೇ ಗಾಳಿ ಎದುರಿಗೆ! ಅತ್ತಿತ್ತ ಓರೆಯಾಗಿ ಸಾಗಬೇಕು. ಪ್ರತಿ ತಿರುವಿಗೂ ಹಾಯಿಯ ಅಡ್ಡಮರ ನನ್ನ ತಲೆಯನ್ನೇ ಹುಡುಕಿಕೊಂಡು ಬರುತ್ತದೆ. ಬಡಿದ ಮೇಲೆ ಆಕೆ ಕೂಗುತ್ತಾಳೆ, “ತಲಿ ಬಗ್ಗಸ್ರೀ!” ಬುತ್ತಿಯ ಜೋಳದ ರೊಟ್ಟಿ ಅಷ್ಟರಲ್ಲಿ ಉಪ್ಪುನೀರಲ್ಲಿ ನೆಂದು ಮುದ್ದೆಯಾಗಿರುತ್ತದೆ.

ನೌಕಾಪಡೆಯ ದಿಲ್ನಾ, ರೂಪಾ 2024ರಲ್ಲಿ ಗೋವೆಯಿಂದ ‘ತಾರಿಣಿ’ ಹಾಯಿದೋಣಿ ಹತ್ತಿ, ಭೂಮಿಯನ್ನೇ ಸುತ್ತಿ 2025ರ ಮೇನಲ್ಲಿ ಮರಳಿದರು. ಇಬ್ಬರೇ! ಹೇಗೆ ಸಾಧ್ಯವಾಯಿತೋ ಎಂದು ಅಚ್ಚರಿಪಟ್ಟೆ.

“ಜೋಡಿ ಗಂಡಂದಿರು ಇರಲಿಲ್ಲಲ್ರೀ, ಅದಕ್ಕ,” ಎಂದಳು ಹೆಂಡತಿ.