1982ರ ರ‍್ಯಾಂಕ್ ಪಟ್ಟಿ

1982ರ ಕನ್ನಡ ಚಿತ್ರಗಳಿಗೆ ರ‍್ಯಾಂಕು ಕೊಡೋದೂ, ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಬೀಗರನ್ನು ಕೂರಿಸೋದೂ ಒಂದೇ, ಯಾರಾದರೊಬ್ಬರು ಮುನಿಸಿಕೊಳ್ಳಲೇಬೇಕು. ಅದೊಂದೇ ವರ್ಷ ರಾಜ್‌ಕುಮಾರ್ ಅವರದ್ದೇ ‘ಹಾಲು ಜೇನು’, ‘ಹೊಸ ಬೆಳಕು’, ‘ಚಲಿಸುವ ಮೋಡಗಳು’!

ನನ್ನ ಓಟು ‘ಹಾಲು ಜೇನು’ಗೆ. ಕಾಯಿಲೆಯ ಹೆಂಡತಿಗಾಗಿ ಆ ಗಂಡ ಪಡುವ ಪಾಡು ಕಂಡ ಹೆಂಗಸರು, ಮನೆಗೆ ಬಂದು ತಂತಮ್ಮ ಗಂಡಂದಿರನ್ನು ನೋಡಿದ ನೋಟವಿದೆಯಲ್ಲ, ಎಷ್ಟೋ ಸಂಸಾರಗಳು ಅದರಿಂದಿನ್ನೂ ಚೇತರಿಸಿಕೊಂಡಿಲ್ಲ. ‘ಚಲಿಸುವ ಮೋಡಗಳು’ ಎರಡನೆಯದು. ಪುಟಾಣಿ ಪುನೀತ್ ಹಾಡಿಗೇ ಅರ್ಧ ಮಾರ್ಕು. ಪುಟ್ಟಣ್ಣನವರ ‘ಮಾನಸ ಸರೋವರ’ದಲ್ಲಿ ರೋಗಿ ಗುಣವಾಗಿ ಮನೋವೈದ್ಯನಿಗೇ ಹುಚ್ಚು, ಅದು ಮೂರನೆಯದು.

‘ಸಾಹಸ ಸಿಂಹ’ ನಾಲ್ಕನೆಯದು ಅಂದದ್ದೇ ತಡ, ವಿಷ್ಣುವರ್ಧನ್ ಭಕ್ತನಾದ ನನ್ನ ಭಾವಮೈದ ಮಾತು ಬಿಟ್ಟ. ಸಾಲ ಕೇಳೋದನ್ನೂ ಬಿಟ್ಟ. ಮೊದಲೇ ಗೊತ್ತಿದ್ದರೆ ಐದಕ್ಕೇ ಇಳಿಸುತ್ತಿದ್ದೆ.