ಚಿಂಚಿಲಾ ಮಂಡಲ: ಗೃಹಮೃಗನೀತಿಯ ಶಾಸ್ತ್ರೀಯ ವಿವೇಚನೆ

ಚಿಂಚಿಲಾ ಇರುವ ಮನೆಗೆ ಇನ್ನೊಂದು ಸಾಕುಪ್ರಾಣಿಯನ್ನು ಆರಿಸುವುದು ಮೇಲುನೋಟಕ್ಕೆ ಪಶುಪಾಲನೆಯ ಪ್ರಶ್ನೆ, ಒಳಹೊಕ್ಕು ನೋಡಿದರೆ ರಾಜನೀತಿಯ ಪ್ರಶ್ನೆ. ಯಾರು ಯಾರನ್ನು ತಿನ್ನುತ್ತಾರೆ, ಯಾರ ಕೆಮ್ಮು ಯಾರಿಗೆ ಹತ್ತುತ್ತದೆ, ಹಿತ್ತಲ ಕಡೆಯಿಂದ ನುಗ್ಗುವವರು ಯಾರು ಎಂಬುದನ್ನು ವಿಚಾರಿಸದೆ ಎರಡನೆಯ ಪಂಜರ ಕೊಂಡವರು ಕೆಟ್ಟಿದ್ದಾರೆ. ಈ ವಿದ್ಯೆಯಲ್ಲಿ ಮೈಸೂರಿಗೆ ಪಿತ್ರಾರ್ಜಿತ ಹಕ್ಕಿದೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಬಂದು ಸೇರಿದ್ದು ಇಲ್ಲಿನ ಓರಿಯೆಂಟಲ್ ಲೈಬ್ರರಿಗೆ. 1905ರಲ್ಲಿ ಅದನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದವರೂ ಅವರೇ. ಅರಮನೆಯೊಳಗೆ ಯಾವ ಪ್ರಾಣಿಪಕ್ಷಿಗಳಿರಬೇಕು ಎಂಬುದನ್ನೂ ಆ ಗ್ರಂಥ ಹೇಳದೆ ಬಿಟ್ಟಿಲ್ಲ. ಚಿಂಚಿಲಾ ಮಾತ್ರ ಅದರಲ್ಲಿ ಎಲ್ಲೂ ಬರುವುದಿಲ್ಲ. ಇದಕ್ಕೆ ಗ್ರಂಥಕರ್ತನನ್ನು ದೂರುವಂತಿಲ್ಲ. ಆಗ ಆ ಪ್ರಾಣಿ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕಲ್ಲುಸಂದಿಯಲ್ಲಿ ನಿದ್ದೆ ಮಾಡುತ್ತಿತ್ತು.

ರಾಜ್ಯದ ಸಪ್ತಾಂಗಗಳಲ್ಲಿ ಮೊದಲನೆಯದು ಸ್ವಾಮಿ. ಈ ರಾಜ್ಯದಲ್ಲಿ ಸ್ವಾಮಿ ಎಂದರೆ ಚಿಂಚಿಲಾ. ದುಡ್ಡು ಕೊಟ್ಟು ತಂದವನು ಅಮಾತ್ಯ. ತಾನೇ ಸ್ವಾಮಿ ಎಂಬ ಭ್ರಮೆ ಅಮಾತ್ಯನಿಗೆ ಮೊದಲ ವಾರ ಇರುತ್ತದೆ. ಸ್ವಾಮಿಯ ತೂಕ ಸುಮಾರು ಅರ್ಧ ಕಿಲೋ. ಹಗಲೆಲ್ಲ ನಿದ್ದೆ, ಮುಸ್ಸಂಜೆಗೆ ದರ್ಬಾರು ಶುರು. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷ ಆಳುತ್ತದೆ, ಕೆಲವು ಇಪ್ಪತ್ತನ್ನೂ ಮುಟ್ಟುತ್ತವೆ. ಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುವುದರಿಂದ ಏನನ್ನಾದರೂ ಕಡಿಯುತ್ತಲೇ ಇರಬೇಕು. ಮೈಸೂರಿನ ಬೀಟೆಮರದ ಕುಸುರಿ ಮೇಜು ಅದರ ದೃಷ್ಟಿಯಲ್ಲಿ ಕರದ ರೂಪದಲ್ಲಿ ಬಂದ ಆಹಾರ. ಮೈಮೇಲೆ ಒಂದೊಂದು ರಂಧ್ರದಿಂದ ಅರವತ್ತರಷ್ಟು ಕೂದಲು ಹೊರಡುತ್ತವೆ. ಶತ್ರು ಹಿಡಿದರೆ ಆ ಕೂದಲಿನ ಕಂತೆಯನ್ನು ಶತ್ರುವಿನ ಬಾಯಲ್ಲೇ ಬಿಟ್ಟು ಓಡುತ್ತದೆ. ದುರ್ಗವೆಂದರೆ ಪಂಜರ. ಕೋಶವೆಂದರೆ ಒಣಗಿದ ಟಿಮೊತಿ ಹುಲ್ಲು. ರೇಸ್‌ಕೋರ್ಸಿನ ಕುದುರೆಗಳಿಗೆ ಪ್ರಿಯವಾದ ಕುದುರೆಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಬೆಳೆದ ಚಿಂಚಿಲಾಗೆ ಅದು ನಿತ್ಯದ ಊಟವಾಗಲಾರದು. ದಂಡವೂ ಉಂಟು: ಸಿಟ್ಟು ಬಂದ ಹೆಣ್ಣು ಹಿಂಗಾಲ ಮೇಲೆ ಎದ್ದು ನಿಂತು, ಗುರಿಯಿಟ್ಟು ಮೂತ್ರ ಹಾರಿಸುತ್ತದೆ. ಗುರಿ ತಪ್ಪುವುದು ಅಪರೂಪ ಎಂದು ಅಮಾತ್ಯವರ್ಗ ಒಪ್ಪುತ್ತದೆ.

ವಂಶಾವಳಿಯ ಬಗ್ಗೆ ಒಂದು ಮಾತು. ತುಪ್ಪಳದ ಆಸೆಗೆ ಕಾಡಿನ ಚಿಂಚಿಲಾ ಬಹುತೇಕ ನಿರ್ನಾಮವಾಗಿದ್ದ ಕಾಲದಲ್ಲಿ, 1923ರಲ್ಲಿ, ಮಥಾಯಸ್ ಚಾಪ್‌ಮನ್ ಎಂಬ ಗಣಿ ಎಂಜಿನಿಯರ್ ಹನ್ನೊಂದು ಪ್ರಾಣಿಗಳನ್ನು ಚಿಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದ. ಇಂದು ಮನೆಗಳಲ್ಲಿರುವವುಗಳಲ್ಲಿ ಹೆಚ್ಚಿನವು ಆ ಹನ್ನೊಂದರ ಸಂತಾನ. ಅಂದಮೇಲೆ ಚಿಂಚಿಲಾಗಳ ಮದುವೆಗಳೆಲ್ಲ ಹೆಚ್ಚುಕಡಿಮೆ ಸಗೋತ್ರವೇ. ಈ ದೋಷಕ್ಕೆ ಪರಿಹಾರವನ್ನು ಮೈಸೂರಿನ ಯಾವ ಜೋಯಿಸರೂ ಇನ್ನೂ ಸೂಚಿಸಿಲ್ಲ.

ಎರಡನೆಯ ಪ್ರಾಣಿಯ ಪ್ರಸ್ತಾಪ ಏಳುವ ಕ್ರಮ ಎಲ್ಲ ಮನೆಗಳಲ್ಲೂ ಒಂದೇ. ಸರಸ್ವತಿಪುರದಿಂದಲೋ ಕುವೆಂಪುನಗರದಿಂದಲೋ ನೆಂಟರು ಬರುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ಪಂಜರದೊಳಗೆ ಇಣುಕಿ, ಮಲಗಿರುವ ಪ್ರಾಣಿಯನ್ನು ಕಂಡು, "ಅಯ್ಯೋ ಪಾಪ, ಒಂದೇ ಇದ್ಯಲ್ಲ, ಮಂಕಾಗಿದೆ ನೋಡಿ, ಜೊತೇಗೆ ಏನಾದ್ರೂ ತನ್ನಿ" ಎನ್ನುತ್ತಾರೆ. ರಾತ್ರಿ ಹನ್ನೊಂದಕ್ಕೆ ಅದು ಗೋಡೆಯಿಂದ ಗೋಡೆಗೆ ಚಿಮ್ಮುವುದನ್ನು ನೋಡಲು ಅವರು ಉಳಿಯುವುದಿಲ್ಲ. ಏನಾದರೂ ಎಂದರೆ ಏನು ಎಂಬುದನ್ನೂ ಅವರು ಹೇಳಿಹೋಗುವುದಿಲ್ಲ. ಶಾಸ್ತ್ರ ಆರಂಭವಾಗುವುದು ಅಲ್ಲಿಂದ.

ಮೊದಲು ಕೌಟಿಲ್ಯನ ಪಟ್ಟಿಯನ್ನೇ ಪರೀಕ್ಷಿಸುವುದು ನ್ಯಾಯ. ಮೊದಲ ಅಧಿಕರಣದಲ್ಲಿ ರಾಜನ ವಾಸಗೃಹದ ರಕ್ಷಣೆಯನ್ನು ಹೇಳುವಾಗ ಬೆಕ್ಕು, ನವಿಲು, ಮುಂಗುಸಿ, ಚುಕ್ಕೆ ಜಿಂಕೆಗಳು ಹಾವನ್ನು ತಿನ್ನುತ್ತವೆ ಎಂದೂ, ಗಿಳಿ, ಗೊರವಂಕ, ಭೃಂಗರಾಜಗಳು ವಿಷದ ಸುಳಿವು ಸಿಕ್ಕರೆ ಕಿರುಚುತ್ತವೆ ಎಂದೂ ಅವನು ಹೇಳುತ್ತಾನೆ. ಜಿಂಕೆ ಹಾವನ್ನು ತಿನ್ನುವ ವಿಚಾರವನ್ನು ಭಾಷ್ಯಕಾರರಿಗೆ ಬಿಡೋಣ. ಇಂದಿನ ತೊಡಕು ಬೇರೆ. ನವಿಲು, ಮುಂಗುಸಿ, ಜಿಂಕೆ, ನಮ್ಮ ಕಾಡಿನ ಗಿಳಿ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಮನೆಯಲ್ಲಿ ಸಾಕುವಂತಿಲ್ಲ. ಪೇಟೆಯಲ್ಲಿ ಕದ್ದುಮುಚ್ಚಿ ಕೈಬದಲಾಗುವ ನಕ್ಷತ್ರ ಆಮೆಯೂ ಹಾಗೆಯೇ. ಚಾಣಕ್ಯನ ಮಾತಿನಂತೆ ಅಂತಃಪುರ ಸಜ್ಜುಗೊಳಿಸಿದ ಮೈಸೂರಿಗ ಕೊನೆಗೆ ವಿವರಣೆ ಕೊಡಬೇಕಾದದ್ದು ಅಶೋಕಪುರಂನ ಅರಣ್ಯ ಭವನದಲ್ಲಿ. ಅಜ್ಜನ ಮಂತ್ರಿಯ ಸಲಹೆಗೆ ಮೊಮ್ಮಗನ ಹೆಸರಿನ ಬಡಾವಣೆಯಲ್ಲಿ ದಂಡ ತೆರುವುದು ಮೌರ್ಯ ಇತಿಹಾಸದ ವಿದ್ಯಾರ್ಥಿಗಳಿಗೆ ಕುತೂಹಲದ ವಿಷಯ. ಪಟ್ಟಿಯಲ್ಲಿ ಕಾನೂನಿಗೆ ಸಿಗದೆ ಉಳಿಯುವುದು ಬೆಕ್ಕೊಂದೇ, ಅದು ಚಿಂಚಿಲಾವನ್ನೇ ತಿನ್ನುತ್ತದೆ.

ಇನ್ನು ಮಂಡಲ ಸಿದ್ಧಾಂತ. ಗೆಲ್ಲಹೊರಟ ಅರಸ ವಿಜಿಗೀಷು, ಅವನ ಗಡಿಗೆ ತಾಗಿದವನು ಅರಿ, ಅವನಾಚೆಗಿರುವವನು ಮಿತ್ರ, ಬೆನ್ನಹಿಂದೆ ಕಾದಿರುವವನು ಪಾರ್ಷ್ಣಿಗ್ರಾಹ. ಇದನ್ನು ಮನೆಗೆ ಅನ್ವಯಿಸಿದರೆ ಬೆಕ್ಕು ಅರಿ. ಬೆಕ್ಕಿನ ಅರಿ ನಾಯಿ. ಆದುದರಿಂದ ನಾಯಿ ಚಿಂಚಿಲಾದ ಮಿತ್ರ. ತರ್ಕದಲ್ಲಿ ದೋಷವಿಲ್ಲ. ನಾಯಿ ಅರ್ಥಶಾಸ್ತ್ರ ಓದಿಲ್ಲ ಎಂಬುದೊಂದೇ ಕೊರತೆ. ಅದರಲ್ಲೂ ಮುಧೋಳದಂಥ ತಳಿ ಓಡುವುದನ್ನು ಕಣ್ಣಿಂದ ಕಂಡೇ ಬೆನ್ನಟ್ಟುವಂತೆ ಶತಮಾನಗಳಿಂದ ಪಳಗಿದ್ದು. ಭಾರತೀಯ ಸೇನೆ ಮೆಚ್ಚಿ ಕರೆಸಿಕೊಂಡದ್ದೂ ಆ ಗುಣಕ್ಕೇ. ಚಿಂಚಿಲಾ ಓಡುತ್ತದೆ. ಮುಂದಿನದನ್ನು ವಿವರಿಸಬೇಕಾಗಿಲ್ಲ. ಮುದಿ ಪಾಮರೇನಿಯನ್ ಒಂದು ಪಂಜರದ ಪಕ್ಕ ಸುಮ್ಮನೆ ಮಲಗಿರಬಹುದು, ಆದರೆ ಸಣ್ಣ ನಾಯಿಯ ಬೊಗಳುವಿಕೆಯೂ ಚಿಂಚಿಲಾದ ದೊಡ್ಡ ಕಿವಿಗೆ ದೊಡ್ಡದೇ. ಜಂಬೂಸವಾರಿಯ ದಿನ ಇಪ್ಪತ್ತೊಂದು ಕುಶಾಲತೋಪು ಹಾರುವಾಗ ಊರಿನ ನಾಯಿಗಳೆಲ್ಲ ಒಂದೇ ಸಮನೆ ಊಳಿಡುತ್ತವೆ. ಮಾರನೆಯ ಬೆಳಿಗ್ಗೆ ಪಂಜರದ ತಳದಲ್ಲಿ ಬೂದುಬಣ್ಣದ ಕೂದಲಿನ ಉಂಡೆಗಳು ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ.

ಪಾರ್ಷ್ಣಿಗ್ರಾಹ ಯಾರೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಪಕ್ಕದ ಮನೆಯ ಬೆಕ್ಕು. ಅದು ಹಾಲಿಗಾಗಿ ಹಿತ್ತಲ ಕಿಟಕಿಯಿಂದ ಬರುತ್ತದೆ, ಹಾಲು ಸಿಗದಿದ್ದರೆ ಮನೆಯನ್ನು ಒಂದು ಸುತ್ತು ಹಾಕಿ ನೋಡುತ್ತದೆ. ಅದರ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಸಾಮಾನ್ಯ. ಸರಳಿನ ಸಂದಿಯಿಂದ ಒಂದು ಹಲ್ಲು ತಾಗಿದರೂ ಗಾಯ ಕೀವುಗಟ್ಟುತ್ತದೆ. ಹಾಗೆಂದು ಮನೆಯಲ್ಲಿದ್ದ ಅಮಾಕ್ಸಿಸಿಲಿನ್ ಅರ್ಧ ಮಾತ್ರೆ ಅರೆದು ಕುಡಿಸುವ ಅಮಾತ್ಯ ಬೆಕ್ಕಿಗಿಂತ ಅಪಾಯಕಾರಿ. ಪೆನಿಸಿಲಿನ್ ಗುಂಪಿನ ಔಷಧ ಬಾಯಿಯ ಮೂಲಕ ಹೋದರೆ ಚಿಂಚಿಲಾದ ಕರುಳಿನ ಒಳ್ಳೆಯ ಜೀವಾಣುಗಳು ಸತ್ತು, ಅದರ ಬೆನ್ನಿಗೇ ಪ್ರಾಣಿಯೂ ಸಾಯಬಹುದು.

ಬಹಿರಂಗ ಶತ್ರುಗಳ ಪಾಡು ಇಷ್ಟಾಯಿತು. ಯುದ್ಧವು ಪ್ರಕಾಶ, ಕೂಟ, ತೂಷ್ಣೀಂ ಎಂದು ಮೂರು ಬಗೆ, ಕೊನೆಯದು ಸದ್ದಿಲ್ಲದ್ದು. ಮೊಲ ಮತ್ತು ಗಿನಿಯಿಲಿ ನಡೆಸುವುದು ಈ ಮೂರನೆಯದನ್ನು. ಎರಡೂ ಹುಲ್ಲು ತಿನ್ನುವ ಸಾಧುಗಳು, ಪೆಟ್ ಶಾಪಿನಲ್ಲಿ ಅಕ್ಕಪಕ್ಕದ ಬುಟ್ಟಿಯಲ್ಲಿ ಸಿಗುತ್ತವೆ, ನೋಡಿದರೆ ಚಿಂಚಿಲಾದ ದಾಯಾದಿಗಳಂತೆಯೇ ಕಾಣುತ್ತವೆ. ಗಿನಿಯಿಲಿಯಂತೂ ಆಂಡಿಸ್‌ನ ನೆರೆಯವನೇ, ಅಂದರೆ ಶಾಸ್ತ್ರದ ಪ್ರಕಾರ ಅರಿಯೇ. ಮೊಲದ ಮೂಗಿನಲ್ಲಿ ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಯಾವ ಲಕ್ಷಣವನ್ನೂ ತೋರದೆ ಹಾಯಾಗಿ ವಾಸಿಸುತ್ತದೆ. ಅದೇ ಚಿಂಚಿಲಾದ ಶ್ವಾಸಕೋಶಕ್ಕೆ ಬಂದರೆ ನ್ಯುಮೋನಿಯ. ಮೊಲ ಸೀನುವುದೂ ಇಲ್ಲ, ಕ್ಷಮೆ ಕೇಳುವುದೂ ಇಲ್ಲ. ಸೋಂಕು ಇಲ್ಲದಿದ್ದರೂ ಮೊಲದ ಹಿಂಗಾಲಿನ ಒಂದು ಒದೆತಕ್ಕೆ ಚಿಂಚಿಲಾದ ಸಣಕಲು ಮೂಳೆ ಮುರಿಯುತ್ತದೆ. ಗಿನಿಯಿಲಿಗೆ ದಿನವೂ ಸಿ ವಿಟಮಿನ್ ಇರುವ ಹಸಿ ತರಕಾರಿ ಬೇಕು. ಅದೇ ತರಕಾರಿಯ ರಾಶಿಯನ್ನು ಚಿಂಚಿಲಾ ಮುಕ್ಕಿದರೆ ಹೊಟ್ಟೆ ಉಬ್ಬರಿಸುತ್ತದೆ. ಸಾಕಲೇಬೇಕೆಂದರೆ ಬೇರೆ ಕೋಣೆ, ಬೇರೆ ಪೊರಕೆ. ಒಂದನ್ನು ಮುಟ್ಟಿ ಇನ್ನೊಂದನ್ನು ಮುಟ್ಟುವ ಮೊದಲು ಕೈ ತೊಳೆಯುವುದು. ಮಡಿಯ ಅಭ್ಯಾಸವಿರುವ ಅಗ್ರಹಾರದ ಮನೆಗಳಿಗೆ ಇದೇನೂ ಹೊಸದಲ್ಲ. ಹ್ಯಾಮ್‌ಸ್ಟರ್ ತನ್ನ ಜಾತಿಯವರನ್ನೇ ಸಹಿಸುವುದಿಲ್ಲವಾದ್ದರಿಂದ ಅದರ ಚರ್ಚೆ ಬೇಡ.

ಪಕ್ಷಿಗಳ ವಿಷಯದಲ್ಲಿ ಪೂರ್ವಪಕ್ಷ ಬಲವಾಗಿದೆ: ಹಕ್ಕಿ ತನ್ನ ಗೂಡಿನಲ್ಲಿ, ಚಿಂಚಿಲಾ ತನ್ನ ಪಂಜರದಲ್ಲಿ, ಯಾರೂ ಯಾರ ತಂಟೆಗೂ ಹೋಗುವುದಿಲ್ಲ. ಇಲ್ಲಿನವರು ಲವ್‌ಬರ್ಡ್ಸ್ ಎಂದು ಕರೆಯುವ ಬಜರಿಗಾರ್‌ಗಳು ವಿದೇಶಿ ತಳಿಯಾದ್ದರಿಂದ ಕಾಯ್ದೆಯ ಭಯವೂ ಇಲ್ಲ. ಆದರೆ ಒಬ್ಬರ ಹಗಲು ಇನ್ನೊಬ್ಬರ ರಾತ್ರಿ. ಅದಕ್ಕಿಂತ ಮುಖ್ಯವಾದದ್ದು ಚಿಂಚಿಲಾದ ಸ್ನಾನ. ಅದು ನೀರಿನಲ್ಲಿ ಮೀಯುವುದಿಲ್ಲ. ಅಗ್ನಿಪರ್ವತದ ಬೂದಿಯ ನುಣುಪು ಪುಡಿಯಲ್ಲಿ ಉರುಳುತ್ತದೆ. ಆ ಪುಡಿಯ ಡಬ್ಬಿ ಖಾಲಿಯಾದ ದಿನ ದೇವರಮನೆಯ ವಿಭೂತಿ ಸಾಲುತ್ತದೆಯೇ ಎಂಬ ಪ್ರಶ್ನೆ ಅನೇಕರಿಗೆ ಬಂದಿದೆ. ಸಾಲುವುದಿಲ್ಲ, ಮರಳೂ ಆಗದು. ಸ್ನಾನ ಮುಗಿದಾಗ ಕೋಣೆಯ ತುಂಬ ಏಳುವ ಧೂಳು ಹಕ್ಕಿಯ ಸೂಕ್ಷ್ಮ ಶ್ವಾಸಾಂಗಕ್ಕೆ ಸಲ್ಲದು. ಸರೀಸೃಪಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು: ಅವುಗಳಿಗೆ ದೀಪ ಹಚ್ಚಿ ಕಾವು ಕೊಡಬೇಕು, ಇದಕ್ಕೆ ತಂಪು ಬೇಕು.

ಇನ್ನೊಂದು ಚಿಂಚಿಲಾವನ್ನೇ ತರುವುದು ಸಂಧಿ. ಚಿಂಚಿಲಾ ಸಂಘಜೀವಿ, ಜೊತೆ ಬೇಕೆಂಬುದು ನಿಜ, ಆ ಮಟ್ಟಿಗೆ ನೆಂಟರ ಮಾತು ಸರಿಯೇ. ಆದರೆ ಸಂಧಿಗೆ ಮೊದಲು ಆಸನ, ಅಂದರೆ ಎರಡೂ ಪಕ್ಷಗಳು ತಮ್ಮ ತಮ್ಮ ದುರ್ಗದಲ್ಲಿ ಸುಮ್ಮನೆ ಕುಳಿತಿರಬೇಕು. ಹೊಸದನ್ನು ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು ಕಾಯಿಲೆಯಿಲ್ಲವೆಂದು ಖಾತ್ರಿಪಡಿಸಿಕೊಂಡು, ಆಮೇಲೆ ಪಂಜರಗಳನ್ನು ಹತ್ತಿರ ತಂದು, ಒಂದರ ವಾಸನೆ ಇನ್ನೊಂದಕ್ಕೆ ಹತ್ತುವಂತೆ ಪಂಜರ ಅದಲುಬದಲು ಮಾಡಿ, ಕಡೆಗೆ ಎರಡಕ್ಕೂ ಸೇರದ ಜಾಗದಲ್ಲಿ ಭೇಟಿ. ಎರಡು ಹೆಣ್ಣುಗಳ ಜಗಳ ಗಂಡುಗಳದ್ದಕ್ಕಿಂತ ಉಗ್ರ. ಗಂಡು ಹೆಣ್ಣನ್ನು ಒಟ್ಟಿಗೆ ಬಿಟ್ಟವರಿಗೆ ಸುಮಾರು 111 ದಿನಗಳ ನಂತರ, ಕಣ್ಣು ತೆರೆದುಕೊಂಡೇ ಹುಟ್ಟುವ ಮರಿಗಳು ಸಂಧಿಯ ಷರತ್ತುಗಳನ್ನು ತಿಳಿಸುತ್ತವೆ.

ಮೀನಿನ ವಿಷಯಕ್ಕೆ ಬಂದರೆ ಶಾಸ್ತ್ರ ಮೊದಲ ಬಾರಿಗೆ ನಿರಾಳವಾಗುತ್ತದೆ. ಕೌಟಿಲ್ಯ ಹೇಳುವ ದುರ್ಗಗಳಲ್ಲಿ ನೀರಿನಿಂದ ಸುತ್ತುವರಿದ ಔದಕ ದುರ್ಗವೂ ಒಂದು. 1892ರಲ್ಲಿ ಆರಂಭವಾದ ಇಲ್ಲಿನ ಮೃಗಾಲಯವೂ ಕಂದಕದ ಮಹಿಮೆಯನ್ನು ಬಲ್ಲದು. ಮೀನು ಹೊರಗೆ ಬಾರದು, ಚಿಂಚಿಲಾ ಒಳಗೆ ಇಳಿಯದು, ರೋಗವೂ ದಾಟಲಾರದು. ಆದರೂ ತೊಟ್ಟಿಯನ್ನು ಚಿಂಚಿಲಾದ ಕೋಣೆಯಲ್ಲೇ ಇಡಬಾರದು. ಮುಚ್ಚಿದ ಕೋಣೆಯಲ್ಲಿ ನೀರು ಆವಿಯಾಗಿ ತೇವ ಏರುತ್ತದೆ, ಒತ್ತುಗೂದಲಿನ ನಡುವೆ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ. ಗಾಳಿಯ ಮೋಟಾರಿನ ವೈರಂತೂ ಹಲ್ಲಿಗೆ ಹೇಳಿ ಮಾಡಿಸಿದ್ದು. ತೊಟ್ಟಿ ಹಾಲಿನಲ್ಲಿರಲಿ.

ಮಂಡಲದಲ್ಲಿ ಎಲ್ಲರಿಗಿಂತ ಬಲಶಾಲಿಯಾಗಿ, ಜಗಳದಿಂದ ದೂರ ಕೂತಿರುವ ಅರಸನಿಗೆ ಉದಾಸೀನ ಎಂದು ಹೆಸರು. ಮನೆಯಲ್ಲಿ ಆ ಸ್ಥಾನ ಅಜ್ಜಿಯದು. "ಏನ್ ಮಹಾ, ಇಲಿ ತಾನೆ" ಎಂಬುದು ಅವರ ಘೋಷಿತ ನೀತಿ. ಯಾರೂ ನೋಡದಾಗ ನಾಲ್ಕು ಒಣದ್ರಾಕ್ಷಿ ಸರಳಿನೊಳಗೆ ತೂರಿಸುವುದು ಗುಪ್ತ ನೀತಿ. ಸಕ್ಕರೆ ಚಿಂಚಿಲಾದ ಜೀರ್ಣಕ್ಕೆ ಒಗ್ಗುವುದಿಲ್ಲವೆಂದು ಅವರಿಗೆ ತಿಳಿಸುವ ರಾಯಭಾರಿಯನ್ನು ಎಚ್ಚರದಿಂದ ಆರಿಸಬೇಕು. ಸೊಸೆ ಬೇಡ.

ಕೊನೆಯ ಅರಿ ಪ್ರಾಣಿಯಲ್ಲ, ಏಪ್ರಿಲ್. ಚಿಂಚಿಲಾಗೆ ಹಿತವಾದದ್ದು 15ರಿಂದ 21 ಡಿಗ್ರಿ. 25 ದಾಟಿದರೆ ಬಿಸಿಲಿನ ಹೊಡೆತದ ಭಯ. ಮೈಸೂರಿನ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಯ ಸುತ್ತ ಇರುತ್ತದೆ. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡನ್ನು ಪಂಜರದಲ್ಲಿಟ್ಟರೆ ಅದರ ಮೇಲೆ ಮಗ್ಗುಲಾಗಿ ಚಾಚಿಕೊಳ್ಳುತ್ತದೆ. ಕಿವಿಯ ನರಗಳು ಕೆಂಪಗೆ ಎದ್ದು ಕಂಡರೆ ಮೈ ಕಾದಿದೆ ಎಂದೇ ಅರ್ಥ. ಕರೆಂಟ್ ಹೋದಾಗ ಇನ್ವರ್ಟರ್ ಫ್ಯಾನ್ ಓಡಿಸುತ್ತದೆ, ಬೆವರದ ಪ್ರಾಣಿಗೆ ಫ್ಯಾನಿನ ಗಾಳಿಯಿಂದ ಏನೂ ಆಗುವುದಿಲ್ಲ. ಆದ್ದರಿಂದ ಈ ಊರಿನಲ್ಲಿ ಚಿಂಚಿಲಾದ ಏಕಮಾತ್ರ ನಿಜವಾದ ಮಿತ್ರ ಎಸಿ. ಅದಿಲ್ಲದ ಮನೆಯಲ್ಲಿ ಎರಡನೆಯ ಪ್ರಾಣಿ ಯಾವುದೆಂಬ ಪ್ರಶ್ನೆಯೇ ಏಳುವುದಿಲ್ಲ, ಮೊದಲನೆಯದನ್ನೇ ತರಬಾರದು.